ರಂಗವ್ವನಿಗೆ ಯಾರೂ ಇಲ್ಲ

ರಂಗವ್ವನ ಎರಡೂ ಕಣ್ಣು ಹೋಗಿ ಮೂರು ವರ್ಷವಾಗಿದ್ದರೂ ಆ ಮನೆಯಲ್ಲಿ ಅದು ಯಾರಿಗೂ ಭಾರವಾಗಿರಲಿಲ್ಲ. ಕಮತಗಿಯ ಕುರುಬರ ಓಣಿಯಲ್ಲಿ ಅವರದು ಎರಡು ಅಂಕಣದ ಮನೆ. ಮುಂದಿನ ಪಡಸಾಲೆಯಲ್ಲಿ ಮಗ ಗುರಲಿಂಗಪ್ಪನ ಕಂಬಳಿ ಮಗ್ಗ, ಹಿಂದೆ ಅಡಿಗೆಯ ಕೋಣೆ. ರಂಗವ್ವ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತು ದಿನವಿಡೀ ಉಣ್ಣೆ ನೂಲುತ್ತಿದ್ದಳು. ನೂಲುವುದಕ್ಕೆ ಕಣ್ಣು ಬೇಡ, ಬೆರಳು ಸಾಕು ಎನ್ನುತ್ತಿದ್ದಳು. ಮನೆಯ ಸಾಮಾನುಗಳೆಲ್ಲ ಅವಳಿಗೆ ಇಟ್ಟ ಜಾಗದಿಂದಲೇ ಗುರುತು. ನೀರಿನ ಹಂಡೆ ಬಾಗಿಲ ಬಲಕ್ಕೆ, ಹಿಟ್ಟಿನ ಡಬ್ಬಿ ಗೂಡಿನಲ್ಲಿ, ಅಂಬಲಿಯ ಗಡಿಗೆ ಒಲೆಯ ಎಡಮಗ್ಗುಲಿಗೆ. ಸೊಸೆ ಪದ್ಮವ್ವ ಹೊಲಕ್ಕೆ ಕೂಲಿಗೆ ಹೋದಾಗ ನಾಲ್ಕು ವರ್ಷದ ಮೊಮ್ಮಗಳು ಮಾದೇವಿಗೆ ಹೊತ್ತು ಹೊತ್ತಿಗೆ ಉಣಿಸುವವಳು ಅವಳೇ.

ಎಂಬತ್ತನೆಯ ಇಸವಿಯ ಶ್ರಾವಣದಲ್ಲಿ ಒಂದು ದಿನ ಗುರಲಿಂಗಪ್ಪ ಅಂಗಳದಲ್ಲಿ ಹಾಸಿನ ನೂಲು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದ. ಕಂಬಳಿಯ ನೂಲಿಗೆ ಹುಣಸೆ ಬೀಜ ಕುಟ್ಟಿ ಕುದಿಸಿದ ಗಂಜಿ ಹಚ್ಚಬೇಕು. ಇಲ್ಲವಾದರೆ ಎಳೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಹುಳ ಬೀಳಬಾರದೆಂದು ಅವನು ಅದಕ್ಕೆ ನೀಲಿ ವಿಷ ಮೈಲುತುತ್ತವನ್ನೂ ಕಲೆಸಿದ್ದ. ಇದ್ದಕ್ಕಿದ್ದಂತೆ ಮಳೆ ಬಂತು. ಗಂಜಿಯ ಗಡಿಗೆಯನ್ನು ಅವಸರದಲ್ಲಿ ಒಳಗೆ ತಂದು, ಅಂಬಲಿಯ ಗಡಿಗೆಯನ್ನು ಅತ್ತ ಸರಿಸಿ, ಒಲೆಯ ಎಡಮಗ್ಗುಲಿಗೆ ಇಟ್ಟ. ಮತ್ತೆ ಓಡಿ ನೂಲು ಸುತ್ತಿಕೊಂಡು, ಒಣಗಿಸಲಿಕ್ಕೆ ಓಣಿಯ ಕೊನೆಯ ಗುಡಿಯ ಮಾಡಿನ ಕೆಳಗೆ ಹೋದ. ತಾಯಿಗೆ ಒಂದು ಮಾತು ಹೇಳಬೇಕೆಂಬುದು ಅವನಿಗೆ ಹೊಳೆಯಲಿಲ್ಲ.

ಮಾದೇವಿ ಹಸಿವೆ ಎಂದಿತು. ರಂಗವ್ವ ಕೈಯಾಡಿಸಿ ಗಡಿಗೆ ಮುಟ್ಟಿ, ಬಟ್ಟಲಿಗೆ ಬಗ್ಗಿಸಿ, ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ಕೂಸು ಒಂದು ತುತ್ತಿಗೆ ಮುಖ ತಿರುಗಿಸಿತು. ಅದು ಯಾವಾಗಲೂ ಹಾಗೆ ಹಟ ಮಾಡುವುದೇ. ರಂಗವ್ವ ಒಂದು ಕೈಯಿಂದ ಅದರ ಗಲ್ಲ ಹಿಡಿದು, ಕಥೆ ಹೇಳುತ್ತ, ಮತ್ತೆ ನಾಲ್ಕು ತುತ್ತು ಉಣಿಸಿದಳು.

ಪಕ್ಕದ ಮನೆಯ ಕಾಸಿಂಬಿ ಬೆಂಕಿ ಕೇಳಲು ಬಂದವಳು ಕೂಸು ನೀಲಿ ಕಕ್ಕುತ್ತಿರುವುದನ್ನು ಕಂಡು ಓಣಿ ಎಲ್ಲ ಕೂಡುವ ಹಾಗೆ ಕೂಗಿದಳು. ಶೇಂಗಾ ತುಂಬಿದ ಲಾರಿಯೊಂದನ್ನು ನಿಲ್ಲಿಸಿ ಬಾಗಲಕೋಟೆಯ ದವಾಖಾನೆಗೆ ಒಯ್ದರು. ಐದು ದಿನ ಕೂಸು ಹಾಸಿಗೆ ಹಿಡಿಯಿತು. ಮನೆದೇವರು ಬೀರಪ್ಪ ದೊಡ್ಡವನು, ಉಳಿಸಿದ. ಆರನೆಯ ದಿನ ತಾಯಿಯ ಹೆಗಲ ಮೇಲೆ ಮಲಗಿ ಮನೆಗೆ ಬಂತು.

ಪದ್ಮವ್ವ ಅತ್ತೆಯನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಂದು ದಿನದಲ್ಲಿ ತೀರುತ್ತಿತ್ತೋ ಏನೋ. ಅವಳು ಐದು ತಿಂಗಳ ಬಸುರಿ. ಕೂಸನ್ನು ಮನೆಯಲ್ಲಿ ಬಿಡುವುದನ್ನು ನಿಲ್ಲಿಸಿ, ಹೊಲಕ್ಕೆ ಕಂಕುಳಲ್ಲಿ ಹೊತ್ತುಕೊಂಡು ಹೋಗತೊಡಗಿದಳು. ಒಂದು ದಿನ ರಂಗವ್ವ ಒಲೆಯ ಕಡೆ ಸರಿದಾಗ ಮಾತ್ರ, "ಅತ್ತಿ, ನೀವು ಇನ್ನ ಒಲಿ ಹತ್ರ ಬರಬ್ಯಾಡ್ರಿ. ಏನ ಬೇಕು ಕೇಳ್ರಿ, ನಾ ಕೊಡ್ತೇನಿ" ಎಂದಳು. ರಂಗವ್ವ ಹೂಂ ಎಂದು ಕಂಬದ ಕಡೆ ಹಿಂತಿರುಗಿದಳು. ಅಂದಿನಿಂದ ಅವಳು ನೀರು ಕೇಳುವುದನ್ನೂ ಬಿಟ್ಟಳು. ಹಗಲೆಲ್ಲ ಬಾಯಾರಿ ಕೂತಿರುತ್ತಾಳೆಂದು ಕಾಸಿಂಬಿಯೇ ಬಂದು ತಂಬಿಗೆ ತುಂಬಿ ಕೈಗೆ ಕೊಡುತ್ತಿದ್ದಳು.

ಗುರಲಿಂಗಪ್ಪ ಗಡಿಗೆ ತಾನೇ ಇಟ್ಟದ್ದೆಂದು ಯಾರಿಗೂ ಹೇಳಲಿಲ್ಲ. ದವಾಖಾನೆಯಲ್ಲಿ ಹೇಳಬೇಕೆಂದಿದ್ದ, ಅಲ್ಲಿ ಹೆಂಡತಿಯ ಮುಖ ನೋಡಿ ಬಾಯಿ ಬರಲಿಲ್ಲ. ಆಮೇಲೆ ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು. ಮನೆಯಲ್ಲಿ ಎಲ್ಲರೂ ಕುರುಡಿ ಗಡಿಗೆ ತಪ್ಪಿದಳು ಎಂದೇ ತಿಳಿದಿದ್ದರು.

ಒಂದು ರಾತ್ರಿ ಊಟಕ್ಕೆ ಕೂತಾಗ ಪದ್ಮವ್ವ ಮಾತು ತೆಗೆದಳು. ಕೂಸು ಹುಟ್ಟಿದ ಮೇಲೆ ತಾನು ಮೂರು ತಿಂಗಳು ಬಾಣಂತಿ. ಒಂದು ಎಳೆಗೂಸು, ಒಂದು ಹುಡುಗಿ, ಒಬ್ಬ ಕುರುಡಿ ಅತ್ತೆ. ಮನೆಯಲ್ಲಿ ಬೆಂಕಿ, ಕುದಿವ ಗಂಜಿ, ಮೈಲುತುತ್ತ. ಯಾರನ್ನು ಯಾರು ನೋಡಬೇಕು ಎಂದು ಕೇಳಿದಳು. ಬಾದಾಮಿಯ ಆಚೆ ಒಬ್ಬ ವ್ಯಾಪಾರಿ ತನ್ನ ತಾಯಿಯ ಹೆಸರಿನಲ್ಲಿ ವೃದ್ಧಾಶ್ರಮ ಕಟ್ಟಿಸಿದ್ದಾನೆ, ಅನ್ನ ಬಟ್ಟೆ ಕೊಟ್ಟು ನೋಡಿಕೊಳ್ಳುತ್ತಾರೆ ಎಂದು ಅವಳು ಹೊಲದಲ್ಲಿ ಕೇಳಿ ಬಂದಿದ್ದಳು.

"ಹೆತ್ತಾಕಿನ್ನ ಅಲ್ಲಿ ಒಗದು ಬಾ ಅಂತಿಯೇನು?" ಎಂದ ಗುರಲಿಂಗಪ್ಪ.

"ಒಗದು ಬಾ ಅನ್ಲಿಲ್ಲ. ನೋಡಿ ಬರೂಣು ಅಂದೆ. ನೋಡಿದ್ರ ಏನ ಹೋಗ್ತೈತಿ?"

ಪಡಸಾಲೆಯಲ್ಲಿ ರಂಗವ್ವ ನೂಲುವ ಕದಿರಿನ ಸದ್ದು ನಿಂತಿತ್ತು. ಇಬ್ಬರೂ ಅದನ್ನು ಗಮನಿಸಿದರು. ಪದ್ಮವ್ವ ತಾಟು ಎತ್ತಿದಳು.

ಮುಂದಿನ ಸೋಮವಾರ ಮಾದೇವಿಯನ್ನು ಕಾಸಿಂಬಿಯ ಕೈಯಲ್ಲಿ ಕೊಟ್ಟು ಗಂಡ ಹೆಂಡತಿ ಗುಳೇದಗುಡ್ಡದ ಮೇಲೆ ಹಾಯ್ದು ಹೋಗುವ ಬಸ್ಸಿಗೆ ಹೊರಟರು. ರಂಗವ್ವನಿಗೆ ಬನಶಂಕರಿಗೆ ಹೋಗಿ ಬರುತ್ತೇವೆ ಎಂದರು. ಅವಳು ಕಾಯಿ ಒಡೆಸಲು ಎಂದು ಸೆರಗಿನ ಗಂಟಿನಿಂದ ಒಂದು ರೂಪಾಯಿ ತೆಗೆದು ಕೊಟ್ಟಳು.

ಆಶ್ರಮ ಚೊಕ್ಕಟವಾಗಿತ್ತು. ಹೆಂಚಿನ ಉದ್ದನೆಯ ಎರಡು ಸಾಲು ಕೋಣೆ, ನಡುವೆ ಬೇವಿನ ಗಿಡ, ಹಿಂದೆ ಬಾವಿ. ಮ್ಯಾನೇಜರು ಐವತ್ತರ ಮನುಷ್ಯ, ಮೆತ್ತಗೆ ಮಾತಾಡುವವನು. ಅವನು ಎಲ್ಲವನ್ನೂ ತೋರಿಸಿದ. ಆದರೆ ಪದ್ಮವ್ವ ಅವನು ತೋರಿಸಿದ್ದನ್ನಷ್ಟೇ ನೋಡಲಿಲ್ಲ. ಹಿಟ್ಟಿನ ಪೀಪಾಯಿಗೆ ಕೈ ಹಾಕಿ ಹಿಟ್ಟನ್ನು ಮೂಸಿದಳು. ಹಾಸಿಗೆಯ ಕೆಳಗೆ ಬಗ್ಗಿ ನೋಡಿದಳು. ಎದ್ದು ಕೂಡಲಾಗದ ಒಬ್ಬ ಮುದುಕಿಯನ್ನು ಮಗ್ಗುಲಾಗಿಸಿ ಬೆನ್ನಿಗೆ ಹುಣ್ಣು ಬಿದ್ದಿದೆಯೋ ಎಂದು ನೋಡಿದಳು, ಬಿದ್ದಿರಲಿಲ್ಲ. ಕಣ್ಣಿಲ್ಲದವರ ಉಗುರು ಯಾರು ತೆಗೆಯುತ್ತಾರೆ, ಹೇಲುಕುಣಿಗೆ ಕೈ ಹಿಡಿದು ಯಾರು ಒಯ್ಯುತ್ತಾರೆ, ಜ್ವರ ಬಂದರೆ ಕೂಗಿದ್ದು ಯಾರಿಗೆ ಕೇಳುತ್ತದೆ ಎಂದು ಒಂದೊಂದಾಗಿ ಕೇಳಿದಳು. ಗುರಲಿಂಗಪ್ಪ ಬೇವಿನ ಗಿಡದ ಕೆಳಗೆ ನಿಂತೇ ಇದ್ದ.

ಊಟದ ಹೊತ್ತಿಗೆ ಅವರಿಗೂ ತಾಟು ಹಾಕಿದರು. ಜೋಳದ ರೊಟ್ಟಿ, ಬೇಳೆ ಪಲ್ಯ, ನುಚ್ಚು, ಮಜ್ಜಿಗೆ. ಪದ್ಮವ್ವನ ಪಕ್ಕ ಕೂತ ಮುದುಕಿಯ ಹೆಸರು ಜೈನಬಿ, ಇಳಕಲ್ಲಿನವಳು. ಒಂದು ಕಾಲಕ್ಕೆ ಸೀರೆ ಮಗ್ಗಕ್ಕೆ ರೇಷ್ಮೆ ಸುತ್ತಿಕೊಡುತ್ತಿದ್ದಳು. ಪದ್ಮವ್ವ ಇಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ, ಖರೆ ಹೇಳು ಎಂದು ಕೇಳಿದಳು.

"ರೊಟ್ಟಿ ಬಿಸಿ ಇರ್ತಾವ ಬೇಟಿ. ಬಯ್ಯಾವ್ರ ಯಾರೂ ಇಲ್ಲ."

"ಹಂಗಾರ ಏನ ಕಡಿಮಿ?"

"ಕೈಗೆ ಕೆಲಸ ಕಡಿಮಿ. ಮುಂಜಾನಿಂದ ಸಂಜಿತನಾ ನಮ್ಮ ಕೈ ನಾವ ನೋಡ್ಕೋತ ಕುಂಡ್ರೂದು." ಜೈನಬಿ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದಳು. "ಮತ್ತ, ನಂಗ ಮೂರು ಮಂದಿ ಗಂಡಮಕ್ಕಳು. ಇಲ್ಲಿ ಪುಸ್ತಕದಾಗ ಒಬ್ಬರೂ ಇಲ್ಲ."

ಪದ್ಮವ್ವನಿಗೆ ಆ ಮಾತು ತಿಳಿಯಲಿಲ್ಲ. ಊಟವಾದ ಮೇಲೆ ಮ್ಯಾನೇಜರು ತಿಳಿಸಿದ. ಆಶ್ರಮ ನಡೆಯುವುದು ಸರಕಾರದ ಗ್ರಾಂಟಿನ ಮೇಲೆ. ಗ್ರಾಂಟು ಬರುವುದು ದಿಕ್ಕಿಲ್ಲದವರಿಗೆ. ಆದ್ದರಿಂದ ಪುಸ್ತಕದಲ್ಲಿ ಮಕ್ಕಳಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ ಎಂದೇ ಬರೆಯಬೇಕು. ಕರೆತಂದವರು ನೆರೆಮನೆಯವರೆಂದು ಸಹಿ ಮಾಡಬೇಕು. ನೆರೆಮನೆಯವರು ತಿಂಗಳಿಗೊಮ್ಮೆ ಬಂದು ಮಾತಾಡಿಸಿಕೊಂಡು ಹೋಗಬಹುದು. ಉಣ್ಣೆ ನೂಲಲು ಬರುವುದಿಲ್ಲ, ಅದರ ಧೂಳಿಗೆ ಉಳಿದವರು ಕೆಮ್ಮುತ್ತಾರೆ. ಸತ್ತರೆ ಆಶ್ರಮದವರೇ ಮಣ್ಣು ಮಾಡುತ್ತಾರೆ. ದಿಕ್ಕಿಲ್ಲದವರ ಸುದ್ದಿ ಯಾರಿಗೂ ಕಳಿಸುವ ರೂಢಿ ಇಲ್ಲ.

"ಮಣ್ಣ ಕೊಡಾಕ ಮಗಾ ಬರಬಹುದೋ ಇಲ್ಲೋ?" ಎಂದು ಗುರಲಿಂಗಪ್ಪ ಕೇಳಿದ. ಅಲ್ಲಿಯವರೆಗೆ ಅವನು ಆಡಿದ ಮಾತು ಅದೊಂದೇ.

ಮ್ಯಾನೇಜರು ಅವನನ್ನು ನೋಡಿ, "ಮಗಾ ಇದ್ರ ಆಕಿ ಇಲ್ಲಿ ಇರೂದ ಇಲ್ಲಲ್ಲಪಾ" ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ಪದ್ಮವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಗುಳೇದಗುಡ್ಡ ದಾಟಿದ ಮೇಲೆ, ಜಾಗ ಛಲೋ ಇದೆ, ಆದರೆ ಹಾಗೆ ಬರೆಸಿ ಬಿಟ್ಟು ಬರಲು ತನ್ನ ಮನಸ್ಸು ಒಪ್ಪುವುದಿಲ್ಲ ಎಂದಳು. ಹೇಗೋ ನಿಭಾಯಿಸೋಣ ಎಂದಳು. ಗುರಲಿಂಗಪ್ಪ ಹೂಂ ಎಂದ.

ಹೇಗೋ ನಿಭಾಯಿಸುವುದು ಮೂರು ವಾರ ನಡೆಯಿತು. ಪದ್ಮವ್ವ ಕೂಲಿಗೆ ಹೋಗುವುದನ್ನು ಬಿಟ್ಟಳು. ಮೊದಲು ಮಜ್ಜಿಗೆ ಹೋಯಿತು, ಆಮೇಲೆ ಬೇಳೆ ಹೋಯಿತು. ರೊಟ್ಟಿಗೆ ಖಾರದ ಪುಡಿ ಹಚ್ಚಿಕೊಂಡು ಉಣ್ಣುವುದು ಬಂತು. ಗುರಲಿಂಗಪ್ಪ ಮಗ್ಗ ಬಿಟ್ಟು ಏಳುತ್ತಿರಲಿಲ್ಲ. ಪದ್ಮವ್ವನ ಕಾಲು ಬಾತುಕೊಂಡವು.

ಆ ವೇಳೆಗೆ ಗುರಲಿಂಗಪ್ಪನ ಅಕ್ಕ ಲಗಮವ್ವ ಸುದ್ದಿ ಕೇಳಿ ಚೊಳಚಗುಡ್ಡದಿಂದ ಬಂದಳು. ಬಂದವಳು ಕಾಲಿಗೆ ನೀರನ್ನೂ ಹಾಕಿಕೊಳ್ಳದೆ ತಮ್ಮನ ಮಗ್ಗದ ಮುಂದೆ ನಿಂತಳು.

"ಆಶ್ರಮ ನೋಡಾಕ ಹೋಗಿದ್ದಿ ಅಂತಲ್ಲೋ. ಯಾರೂ ಇಲ್ಲ ಅಂತ ಬರಸ್ತಿಯೇನು? ಬರಸು. ನಾನೂ ಸತ್ತೇನಿ, ನೀನೂ ಸತ್ತಿ ಅಂತ ಬರಸು. ನಾಳೆ ಆಕಿ ಹೋದ್ರ ಮಣ್ಣ ಕೊಡಾಕ ಮ್ಯಾನೇಜರ್ ಬರ್ತಾನ, ನೀ ಇಲ್ಲಿ ಕಂಬಳಿ ನೇಕೋತ ಕುಂಡ್ರು."

ರಂಗವ್ವ ಕಂಬದ ಬಳಿ ಇದ್ದಳು. ಅಷ್ಟು ದಿನ ಅವಳಿಂದ ಮುಚ್ಚಿಟ್ಟದ್ದು ಒಂದು ಗಳಿಗೆಯಲ್ಲಿ ಹೊರಬಿತ್ತು.

ಪದ್ಮವ್ವ ಒಳಗಿನಿಂದ ಬಂದಳು. "ನಾವು ಬರಸಿಲ್ರಿ ಅಕ್ಕಾರ. ಬರಸಬಾರ್ದು ಅಂತನ ತಿರುಗಿ ಬಂದೇವಿ. ನಿಮಗ ಅಷ್ಟ ಕರಳ ಇದ್ರ ನೀವು ಕರ್ಕೊಂಡ ಹೋಗ್ರಿ. ನಾ ಬ್ಯಾಡ ಅನ್ನಂಗಿಲ್ಲ."

"ಒಯ್ತೇನಿ. ನಿಂಗೇನ ಹೆದರ್ತೇನೇನು?"

ಲಗಮವ್ವ ಆ ದಿನವೇ ತಾಯಿಯನ್ನು ಕರೆದುಕೊಂಡು ಹೋದಳು. ಒಂಬತ್ತನೆಯ ದಿನ ತಿರುಗಿ ಕರೆದುಕೊಂಡು ಬಂದಳು. ಜಗಳವಾಡಲಿಲ್ಲ. ಒಳಗೆ ಬಂದು ಕೂತು ನೀರು ಕುಡಿದಳು. ಅವಳ ಅತ್ತೆ ಪ್ರತಿ ಊಟಕ್ಕೂ ಮಗನಿದ್ದು ಮಗಳ ಮನೆಯ ಅನ್ನ ತಿನ್ನುವ ಕಾಲ ಬಂತು ಎಂದು ಗೋಡೆಗೆ ಹೇಳುತ್ತಿದ್ದಳಂತೆ. ಗಂಡ ಯಂಕಪ್ಪ ತನ್ನ ತಾಯಿಯನ್ನು ತಡೆಯಲಿಲ್ಲವಂತೆ. ರಂಗವ್ವ ನಾಲ್ಕನೆಯ ದಿನದಿಂದ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದಳು. "ಪದ್ಮವ್ವಾ, ನಾ ಆಡಿದ್ದು ಮನಸಿಗಿ ಹಚ್ಕೋಬ್ಯಾಡ" ಎಂದು ಲಗಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಪದ್ಮವ್ವ ಅವಳಿಗೆ ರೊಟ್ಟಿ ಬಡಿದು ಹಾಕಿದಳು. ಲಗಮವ್ವ ಉಂಡು ಸಂಜೆಯ ಬಸ್ಸಿಗೆ ಹೋದಳು.

ರಂಗವ್ವ ತಿರುಗಿ ಬಂದದ್ದಕ್ಕೆ ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷವಾದದ್ದು ಕಾಸಿಂಬಿಗೆ. ಮರುದಿನ ಅವಳು ಬೆಲ್ಲ ಹಾಕಿದ ಗೋಧಿ ಹುಗ್ಗಿ ಮಾಡಿ ಒಂದು ಬಟ್ಟಲು ತಂದುಕೊಟ್ಟಳು. ರಂಗವ್ವ ತಾನು ಉಣ್ಣಲಿಲ್ಲ. ಬಹಳ ದಿನದ ಮೇಲೆ ಮೊಮ್ಮಗಳನ್ನು ಹೆಸರು ಹಿಡಿದು ಕರೆದಳು. ಮಾದೇವಿ ಹತ್ತಿರ ಬಂತು. ರಂಗವ್ವ ಒಂದು ತುತ್ತು ಮಾಡಿ ಮುಂದೆ ಹಿಡಿದಳು. ಕೈ ಗಾಳಿಯಲ್ಲೇ ನಿಂತಿತು.

"ಅಜ್ಜಿ ಕೈಲೆ ಬ್ಯಾಡ" ಎಂದಿತು ಕೂಸು. "ನಂಗ ಹೊಟ್ಟಿ ನೋಯ್ತೈತಿ."

ಪದ್ಮವ್ವ ಓಡಿ ಬಂದು ಕೂಸಿಗೆ ಗದರಿಸಿದಳು. ತಿನ್ನು, ಅಜ್ಜಿ ಕೊಡುತ್ತಾಳೆ, ಏನೂ ಆಗುವುದಿಲ್ಲ ಎಂದು ಬೆನ್ನಿಗೆ ಒಂದು ಏಟನ್ನೂ ಕೊಟ್ಟಳು. ಕೂಸು ಅತ್ತು ತಾಯಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡಿತು.

"ಹೊಡಿಬ್ಯಾಡವ್ವ" ಎಂದಳು ರಂಗವ್ವ. ತುತ್ತನ್ನು ಬಟ್ಟಲಿಗೆ ಇಳಿಸಿ, ಬೆರಳು ಒರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಸೊಸೆಯನ್ನು ಹತ್ತಿರ ಕರೆದು ಆಶ್ರಮದ ಸಂಗತಿ ಕೇಳಿದಳು. ಅನ್ನ ಬಿಸಿ ಇರುತ್ತದೆಯೇ, ಮಲಗುವ ಕಡೆ ಸೋರುತ್ತದೆಯೇ, ಹೊರಗೆ ಕೂಡಲು ಗಿಡದ ನೆರಳು ಇದೆಯೇ. ಪದ್ಮವ್ವ ಎಲ್ಲಕ್ಕೂ ಉತ್ತರ ಕೊಟ್ಟಳು. ಉಣ್ಣೆ ನೂಲಲು ಬಿಡುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

"ನೀ ನೋಡಿ ಬಂದೀ ಅಂದ್ರ ಸಾಕು. ಅಂವ ನೋಡಿದ್ರ ನಾ ನಂಬತಿರ್ಲಿಲ್ಲ" ಎಂದು ರಂಗವ್ವ ನಕ್ಕಳು. ಆಮೇಲೆ, "ನನ್ನ ಕಳಸ್ರವ್ವ. ಆ ಕೂಸು ನನ್ನ ಕೈಗಿ ಹೆದರೂದು ನನಗ ಸಹಿಸಾಕ ಆಗಂಗಿಲ್ಲ" ಎಂದಳು.

ಗಂಡ ಹೆಂಡತಿ ನಾಲ್ಕು ದಿನ ಬೇಡವೆಂದರು. ರಂಗವ್ವ ನಾಲ್ಕು ದಿನ ಉಣ್ಣಲಿಲ್ಲ. ಐದನೆಯ ದಿನ ಗುರಲಿಂಗಪ್ಪ ಆಗಲಿ ಎಂದ. ಅವಳು ಆಗ ಒಂದು ರೊಟ್ಟಿ ತಿಂದಳು.

ಹೊರಡುವ ದಿನ ಪದ್ಮವ್ವ ಅತ್ತೆಗೆ ತಲೆ ಎರೆದಳು. ಉಗುರು ತೆಗೆದಳು, ಕಾಲಿನದನ್ನೂ. ಶೇಂಗಾ ಹೋಳಿಗೆ ಮಾಡಿ ಉಣಿಸಿದಳು. ರಂಗವ್ವ ದೇವರ ಗೂಡಿನ ಮುಂದೆ ಕೂತು ಬೀರಪ್ಪನ ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಕೈಯಾಡಿಸಿ ಸೊಸೆಯ ಹೊಟ್ಟೆಯನ್ನು ಹುಡುಕಿ ಅಲ್ಲಿಗೂ ಅಷ್ಟು ಅರಿಷಿಣ ಮುಟ್ಟಿಸಿದಳು. ಕಾಸಿಂಬಿ ಬಾಗಿಲಲ್ಲಿ ನಿಂತಿದ್ದಳು. ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆಂದು ಅವಳು ಎರಡು ಸಲ ಹೇಳಿದ್ದಳು. ನಿನ್ನ ಮನೆಗೂ ಈ ಮನೆಗೂ ನಡುವೆ ಒಂದೇ ಗೋಡೆ, ಕೂಸಿನ ಅಳು ಅಲ್ಲಿಗೂ ಕೇಳುತ್ತದಲ್ಲ ಎಂದು ರಂಗವ್ವ ಅಂದಿದ್ದಳು. ಈಗ ಕಾಸಿಂಬಿ ಬಸ್ಸಿನ ತನಕ ಕೈ ಹಿಡಿದು ನಡೆಸಿಕೊಂಡು ಬಂದಳು.

ಬಸ್ಸಿನಲ್ಲಿ ಗದ್ದಲವಿತ್ತು. ಗುರಲಿಂಗಪ್ಪ ತಾಯಿಯನ್ನು ಕಿಟಕಿಯ ಬದಿಗೆ ಕೂಡಿಸಿ ತಾನು ಪಕ್ಕದಲ್ಲಿ ಕೂತ. ಅರ್ಧ ದಾರಿ ಕಳೆದ ಮೇಲೆ ಒಮ್ಮೆಲೆ ಅವಳ ಕಿವಿಯ ಹತ್ತಿರ ಬಗ್ಗಿದ.

"ಯವ್ವಾ, ಆ ಗಂಜಿ ಗಡಿಗಿ ಅಂಬಲಿ ಜಾಗಾದಾಗ ಇಟ್ಟಾಂವ ನಾನು. ನೀ ತಪ್ಪಲಿಲ್ಲ."

"ಗೊತ್ತೈತಿ."

"ಯಾವಾಗಿಂದ?"

"ಅವತ್ತಿಂದ. ಕೂಸು ಕಕ್ಕಿದ ಮ್ಯಾಲ ತಿಳೀತು. ಮಳ್ಯಾಗ ತೊಯ್ದು ಒಳಗ ಬಂದಾಂವ ನೀ ಒಬ್ಬನ. ಹೆಜ್ಜಿ ಗುರುತ ಆಗೂದಿಲ್ಲೇನು ನನಗ?"

"ಮತ್ತ ಯಾಕ ಹೇಳ್ಲಿಲ್ಲ ನೀ?"

"ಆಕಿ ಬಸರಿ ಹೆಂಗಸು. ಅತ್ತಿ ಮ್ಯಾಲ ಸಿಟ್ಟ ಇದ್ರ ಉಂಡು ಮಕ್ಕೋತಾಳ. ಗಂಡನ ಮ್ಯಾಲ ಸಿಟ್ಟ ಆದ್ರ ಉಣ್ಣಾಂಗಿಲ್ಲ, ಮಕ್ಕೊಳ್ಳಾಂಗಿಲ್ಲ." ರಂಗವ್ವ ಮಗನ ಮೊಣಕಾಲಿನ ಮೇಲೆ ಕೈ ಇಟ್ಟಳು. "ಇನ್ನ ಮ್ಯಾಲೂ ಹೇಳಬ್ಯಾಡ. ನನ್ನ ಮ್ಯಾಲ ಆಣಿ ಐತಿ."

ಗುರಲಿಂಗಪ್ಪ ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿಕೊಂಡು ಬಾದಾಮಿ ಬರುವ ತನಕ ಹಾಗೆಯೇ ಕೂತಿದ್ದ.

ಆಶ್ರಮದಲ್ಲಿ ಮ್ಯಾನೇಜರು ಅವನನ್ನು ಗುರುತು ಹಿಡಿದ, ಆದರೆ ಗುರುತು ತೋರಿಸಲಿಲ್ಲ. ಮೇಜಿನ ಮೇಲೆ ಪುಸ್ತಕ ಬಿಚ್ಚಿ ಹೆಸರು, ಊರು, ವಯಸ್ಸು ಕೇಳಿ ಬರೆದುಕೊಂಡ. ಆಮೇಲೆ ಲೆಕ್ಕಣಿಕೆ ಎತ್ತಿ ಹಿಡಿದು ಗುರಲಿಂಗಪ್ಪನ ಕಡೆ ನೋಡಿದ.

"ಈಕಿಗೆ ಮಕ್ಕಳು?"

ಗುರಲಿಂಗಪ್ಪ ಮನೆಯಿಂದ ಹೊರಟಾಗಿನಿಂದ ಇಲ್ಲ ಎಂಬ ಒಂದು ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದ. ಈಗ ಅದು ಬರಲಿಲ್ಲ. ಮ್ಯಾನೇಜರು ಕಾದ. ಗುರಲಿಂಗಪ್ಪ ತಲೆ ಅಲ್ಲಾಡಿಸಿ, ತಾಯಿಯ ಗಂಟನ್ನು ನೆಲದಿಂದ ಎತ್ತಿಕೊಂಡ. ತಿರುಗಿ ಕರೆದುಕೊಂಡು ಹೋಗಬೇಕೆಂದು ಅವಳ ರಟ್ಟೆಗೆ ಕೈ ಹಾಕಿದ.

ರಂಗವ್ವ ಆ ಕೈಯನ್ನು ಮೆತ್ತಗೆ ಬಿಡಿಸಿದಳು. ದನಿ ಬಂದ ಕಡೆ ಮುಖ ಮಾಡಿದಳು.

"ಮಕ್ಕಳಿಲ್ರಿ ಸಾಹೇಬ್ರ. ಹಿಂದ ಮುಂದ ಯಾರೂ ಇಲ್ರಿ ನನಗ."

"ಇವರು?"

"ಇಂವ ನಮ್ಮ ಓಣ್ಯಾಂವ್ರಿ. ಭಾಳ ಛಲೋ ಹುಡುಗ. ಕಣ್ಣಿಲ್ಲದಾಕಿ ಅಂತ ಕೈ ಹಿಡಕೊಂಡು ಕರ್ಕೊಂಡ ಬಂದ."

ಮ್ಯಾನೇಜರು ತಲೆ ತಗ್ಗಿಸಿ ಬರೆದ. ರಂಗವ್ವನ ಹೆಬ್ಬೆರಳು ಹಿಡಿದು ಮಸಿಗೆ ಮುಟ್ಟಿಸಿ ಪುಸ್ತಕದಲ್ಲಿ ಒತ್ತಿಸಿದ. ಅದರ ಕೆಳಗೆ ಗುರಲಿಂಗಪ್ಪ ಸಹಿ ಮಾಡಿದ. ಸಾಲೆಯಲ್ಲಿ ಮೂರನೆಯ ಇಯತ್ತೆ ಓದಿದವನು. ತಂದೆಯ ಹೆಸರು ಬರೆಯುವಲ್ಲಿ ಕೈ ನಿಂತಿತು. ಮ್ಯಾನೇಜರು ಅದು ಬೇಡ, ಇಷ್ಟು ಸಾಕು ಎಂದ.

ಒಳಗಿನಿಂದ ಒಬ್ಬ ಹೆಂಗಸು ಬಂದು ರಂಗವ್ವನ ಗಂಟು ತೆಗೆದುಕೊಂಡು, ಬಾ ಅಜ್ಜಿ, ನಿನ್ನ ಹಾಸಿಗೆ ತೋರಿಸುತ್ತೇನೆ ಎಂದಳು. ಗುರಲಿಂಗಪ್ಪ ಬಗ್ಗಿ ತಾಯಿಯ ಎರಡೂ ಪಾದಗಳನ್ನು ಹಿಡಿದುಕೊಂಡ. ಬಹಳ ಹೊತ್ತು ಹಿಡಿದುಕೊಂಡ. ನೆರೆಮನೆಯವನು ಅಷ್ಟು ಹೊತ್ತು ಹಿಡಿಯುವುದಿಲ್ಲ. ಹೆಂಗಸು ನೋಡುತ್ತ ನಿಂತಳು. ರಂಗವ್ವನ ಕೈ ಮಗನ ತಲೆಯ ತನಕ ಬಂದು, ಮುಟ್ಟದೆ, ಹಿಂದಕ್ಕೆ ಹೋಯಿತು.

"ಏಳಪಾ ತಮ್ಮಾ, ಹೊತ್ತಾತು" ಎಂದಳು. "ಮನ್ಯಾಗ ನಿಮ್ಮವ್ವ ದಾರಿ ನೋಡ್ತಿರ್ತಾಳ."

ಗುರಲಿಂಗಪ್ಪ ಎದ್ದು ನಿಂತ.

"ಹೂನ್ರಿ ಅಜ್ಜಿ" ಎಂದ. "ಬರ್ತೇನ್ರಿ."